ಬನಿಯನ್ ತಿಂದ ಮಣ್ಣು

ಇಬ್ಬರು ಆಳು ಸೇರಿದರೂ ಎತ್ತಲಾಗದಂಥ ಒಂದು ಕುಂಬಳಕಾಯಿ ಬೆಳೆಯಬೇಕು. ಅದನ್ನು ಬಂಡಿಯಲ್ಲಿ ಹೇರಿ ಕಲಬುರಗಿಯ ಸ್ಟೇಶನ್ ಬಜಾರದ ನಡುವೆ ಹಾಯಿಸಿಕೊಂಡು ಹೋಗಬೇಕು. ದಾರಿಯಲ್ಲಿ ಖಮರುದ್ದೀನನ ಮನೆಯ ಮುಂದೆ ಎತ್ತುಗಳಿಗೆ ಸುಮ್ಮನೆ ಸ್ವಲ್ಪ ಹೊತ್ತು ದಣಿವಾರಿಸಿಕೊಳ್ಳಲು ಬಿಡಬೇಕು. ನಿಜಾಮರ ಫಸಲಿ ಲೆಕ್ಕದ ಸಾವಿರದ ಮುನ್ನೂರ ಮೂವತ್ತೇಳರ ಯುಗಾದಿಯ ದಿನ, ಬೇವು ಅಗಿಯುತ್ತ, ನಾನು ಮಾಡಿದ ಶಪಥವಿದು. ಶಪಥವನ್ನು ಎದ್ದು ನಿಂತೇ ಮಾಡಿದೆ. ಕೇಳಿದವಳು ನನ್ನ ಹೆಂಡತಿ ನೀಲಗಂಗಮ್ಮ ಒಬ್ಬಳೇ.

"ಬಂಡಿ ಮಾತು ಆಮ್ಯಾಲ ನೋಡಮು," ಎಂದಳು. "ಮೊದಲ ಒಂದು ಮೆಣಸಿನ ಗಿಡ ಬದುಕಸ್ರಿ."

ಖಮರುದ್ದೀನ್ ನನ್ನ ವೈರಿಯಲ್ಲ. ತಹಸೀಲ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು, ನನ್ನ ಹಾಗೆಯೇ ಅಹಲ್ಕಾರ, ಅಂದರೆ ಗುಮಾಸ್ತ. ಇಬ್ಬರ ಕೆಲಸವೂ ಬರೆಯುವುದು, ಸಹಿ ಮಾಡುವ ಸುಖ ಇನ್ನೊಬ್ಬರದು. ಆದರೆ ಹಿಂದಿನ ವರ್ಷ ದಸರೆಯ ನಂತರದ ನುಮಾಯಿಶಿನಲ್ಲಿ, ಅಂದರೆ ಬೆಳೆಗಳ ಪ್ರದರ್ಶನದಲ್ಲಿ, ಅವನ ಕುಂಬಳಕ್ಕೆ ಮೊದಲ ಇನಾಮು ಬಂದು, ಜರಿಯ ರುಮಾಲೊಂದು ಸಿಕ್ಕಿತ್ತು. ಅವನು ಆ ರುಮಾಲನ್ನು ತಲೆಗೆ ಸುತ್ತಿಕೊಂಡು ಬರುತ್ತಿದ್ದನೇ ಹೊರತು ಮಾತಿನಲ್ಲಿ ಎಂದೂ ಜಂಬ ತೋರಲಿಲ್ಲ. ಅದೇ ಸಹಿಸಲಾಗದ್ದು. ಅಲ್ಲದೆ ನಮ್ಮಂಥವರಿಗೆ ಹೆಸರು ಬರಲು ಬೇರೆ ದಾರಿ ಯಾವುದಿದೆ? ಸಂಬಳ ಹೆಚ್ಚುವುದು ಹೈದರಾಬಾದಿನವರ ಕೈಯಲ್ಲಿ. ಕುಂಬಳ ಹೆಚ್ಚುವುದಾದರೆ ಹೆಂಡತಿಯ ಕೈಯಲ್ಲಾದರೂ ಇದೆ.

ನನ್ನ ಬಲ ಬೀಜದಲ್ಲಿರಲಿಲ್ಲ, ವಿದ್ಯೆಯಲ್ಲಿತ್ತು. ನಮ್ಮಪ್ಪ ರೈಲ್ವೆಯಲ್ಲಿದ್ದಾಗ ನನ್ನನ್ನು ಸಿಕಂದರಾಬಾದಿನ ಒಂದು ಕಾನ್ವೆಂಟಿಗೆ ಹಾಕಿದ್ದ. ಅಲ್ಲಿ ತೋಟ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಅಗಾಥಾ ನಮಗೆ ದೇವರನ್ನು ನಂಬಲು ಹೇಳುತ್ತಿದ್ದಳು, ಮಣ್ಣನ್ನು ಮಾತ್ರ ನಂಬಬೇಡಿ, ಪರೀಕ್ಷಿಸಿ ಎನ್ನುತ್ತಿದ್ದಳು. ಆ ಪರೀಕ್ಷೆಗಳು ನಾಲ್ಕು. ಮೂವತ್ತು ವರ್ಷದ ಮೇಲೂ ನನಗೆ ಅವು ಬಾಯಿಪಾಠವಾಗಿದ್ದವು.

ಗುಟ್ಟಾಗಿ ಮಾಡಬೇಕಿತ್ತು, ಅಷ್ಟೇ. ನಮ್ಮ ಮನೆಗೆ ಸಾರಿಸಲು ಬರುವ ಭೀಮಬಾಯಿಯ ತಂಗಿ ಖಮರುದ್ದೀನನ ಮನೆಯಲ್ಲಿ ಪಾತ್ರೆ ತಿಕ್ಕುತ್ತಾಳೆ. ಬ್ರಹ್ಮಪುರದ ನಮ್ಮ ಓಣಿಯಲ್ಲಿ ಬೆಳಿಗ್ಗೆ ನಾನು ಸೀನಿದರೆ ಮಧ್ಯಾಹ್ನ ಕಚೇರಿಯಲ್ಲಿ ಖಮರುದ್ದೀನ್ ನೆಗಡಿ ಹೇಗಿದೆ ಎಂದು ಕೇಳುತ್ತಾನೆ. ಆದ್ದರಿಂದ ಸೋಮವಾರದ ಮಧ್ಯಾಹ್ನಗಳನ್ನು ಆರಿಸಿಕೊಂಡೆ. ಅಂದು ನೀಲಗಂಗಮ್ಮ ಭೀಮಬಾಯಿಯನ್ನು ಕರೆದುಕೊಂಡು ಶರಣಬಸವೇಶ್ವರ ಗುಡಿಗೆ ಹೋಗುತ್ತಾಳೆ. ನಾನು ಹೊಟ್ಟೆನೋವೆಂದು ಕಚೇರಿಯಿಂದ ಬೇಗ ಬರುತ್ತಿದ್ದೆ.

ನಮ್ಮ ಹಿತ್ತಿಲಿನದು ಎರೆಮಣ್ಣು. ಬೇಸಿಗೆಯಲ್ಲಿ ಮೊಣಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಚಪ್ಪಲಿಯನ್ನು ಇಟ್ಟುಕೊಂಡು ಕಾಲನ್ನಷ್ಟೇ ಹಿಂದಿರುಗಿಸುತ್ತದೆ. ಒಂದು ಹಿಡಿ ಮಣ್ಣು ತೆಗೆದು ಅದರ ಮೇಲೆ ಲಿಂಬೆಹಣ್ಣು ಹಿಂಡಿದೆ. ಮಣ್ಣು 'ಸುಸ್ಸ್' ಎಂದಿತು. ಮಲಗಿದ್ದವರು ಹಲ್ಲಿನ ಸಂದಿಯಿಂದ ಉಸಿರು ಬಿಟ್ಟ ಹಾಗೆ, ಮೆಲ್ಲಗೆ. ಸುಣ್ಣದ ಅಂಶ ಹೆಚ್ಚಿದ್ದರೆ ಹಾಗಾಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ಹೆಜ್ಜೆ ಹಿಂದೆ ಸರಿದೆ. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಚೇರಿಯ ಕಾಗದವನ್ನು ಒದ್ದೆ ಮಣ್ಣಿಗೆ ಒತ್ತಿದೆ. ಹಳದಿ ಕಾಗದ ಅಂಚಿನಿಂದ ಒಳಕ್ಕೆ ಕೆಂಪಾಗುತ್ತ ಬಂತು; ಚೌಳಿನ ಗುರುತು. ಮುರಬ್ಬದ ಖಾಲಿ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಅಲುಗಿಸಿ, ಸೌದೆಯ ಹಿಂದೆ ಬಚ್ಚಿಟ್ಟೆ. ಮರಳು ತಳ ಸೇರಿತು. ಜಿಗುಟು ಮಾತ್ರ ಎಂಟು ದಿನವಾದರೂ ಇಳಿಯಲಿಲ್ಲ. ಕಪ್ಪಗೆ ನೀರಿನ ನಡುವೆ ನಿಂತು, ನಾನು ಬಗ್ಗಿ ನೋಡಿದಾಗೆಲ್ಲ ಅದೂ ನನ್ನ ಕಡೆ ಬಗ್ಗಿದಂತೆ ಕಾಣುತ್ತಿತ್ತು.

ಸಾರಾಂಶ: ಈ ಮಣ್ಣಿಗೆ ಕೆಮ್ಮಣ್ಣು ಬೆರೆಸಬೇಕು, ಕೊಳೆತ ಎಲೆ ಸೇರಿಸಬೇಕು. ಕೆಮ್ಮಣ್ಣಿಗೆ ಕಮಲಾಪುರವೇ ಗತಿ. ಬಾಡಿಗೆ ಬಂಡಿ ಮಾಡಿಕೊಂಡು ಹೊರಟೆ. ಮನೆಯಲ್ಲಿ ಸರಕಾರಿ ಕೆಲಸವೆಂದು ಹೇಳಿದ್ದೆ.

ಕಮಲಾಪುರದಲ್ಲಿ ದೇವೀಂದ್ರಪ್ಪನ ತೋಟವಿದೆ. ಕೆಂಪು ಬಾಳೆ ಬೆಳೆಯುವವನು, ಅರವತ್ತರ ಮನುಷ್ಯ, ಮಾತು ಕಡಿಮೆ. ಎಲ್ಲಿ ಬೇಕಾದರೂ ಅಗೆದುಕೊಳ್ಳಿ ಎಂದು ಕೈ ಬೀಸಿದವನು, ನಾನು ತೋಟದ ಮೂಲೆಗೆ ಹೋದಾಗ ಬೆನ್ನ ಹಿಂದೆ ಬಂದು ನಿಂತ. ಆ ಮೂಲೆಯಲ್ಲಿ ಒಂದು ಬಾಳೆಯೂ ಇರಲಿಲ್ಲ. ಬೇಲಿಯ ಬಳ್ಳಿಗಳ ಎಲೆ ಉದುರಿ, ಕೊಳೆತು, ಗೇಣುದ್ದ ಕೂತಿತ್ತು. ಮಣ್ಣು ಒಣ ರಕ್ತದ ಬಣ್ಣಕ್ಕೆ ತಿರುಗಿತ್ತು.

"ಆ ಮೂಲಿದು ಬ್ಯಾಡ್ರಿ," ಎಂದ.

"ಯಾಕಪ?"

"ಅಲ್ಲಿ ನಾವು ಏನೂ ಹಚ್ಚಂಗಿಲ್ಲ. ನಮ್ಮಪ್ಪಂದೂ ಇದೇ ಕೆಲಸ ಇತ್ತು, ನಂದೂ ಅದ. ಬಾನಾಮತಿ ಆದವ್ರ ಮನ್ಯಾಗಿಂದ ತೆಗದಿದ್ದೆಲ್ಲ ತಂದು ಅಲ್ಲೇ ಹುಗೀತೀವಿ. ಕೂದಲಾ, ಬಟ್ಟಿ, ಗೊಂಬಿ. ಮೂವತ್ತು ನಲವತ್ತು ವರ್ಷಂದು ಅದ."

ಆಗದವರ ಮೈಮೇಲಿನ ಬಟ್ಟೆ ಕದ್ದು, ಲಿಂಬೆಹಣ್ಣು ಕೊಯ್ದು, ಅರಿಶಿನ ಕುಂಕುಮ ಹಾಕಿ ಅವರದೇ ಹಿತ್ತಿಲಲ್ಲಿ ಹುಗಿದರೆ, ಬಟ್ಟೆ ಕೊಳೆತ ಹಾಗೆ ಮೈ ಕೊಳೆಯುತ್ತದೆ ಎಂದು ನಮ್ಮ ಸೀಮೆಯವರು ನಂಬುತ್ತಾರೆ. ಕಾನ್ವೆಂಟಿನಲ್ಲಿ ಓದಿದ ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು: ನಲವತ್ತು ವರ್ಷ ಬಿತ್ತದೆ ಬಿಟ್ಟ ಮಣ್ಣು! ಮೇಲಾಗಿ ಅಷ್ಟೊಂದು ಗೊಬ್ಬರ! ಮೂರು ಚೀಲ ಮಣ್ಣು, ಎರಡು ಚೀಲ ಎಲೆ ತುಂಬಿಸಿದೆ.

"ನನಗೇನೂ ಆಗಂಗಿಲ್ಲ ಬಿಡು," ಎಂದೆ ಬಂಡಿ ಹತ್ತುತ್ತ.

"ನೀವು ಇಂಗ್ರೇಜಿ ಕಲ್ತವರು," ಎಂದ ದೇವೀಂದ್ರಪ್ಪ, ಚೀಲಗಳನ್ನು ನೋಡುತ್ತ. "ನಿಮಗಿ ಏನೂ ಆಗಲಿಕ್ಕಿಲ್ಲ."

ಆಗಂಗಿಲ್ಲ ಎಂದು ಹೇಳಿದ್ದರೆ ದಾರಿಯಲ್ಲಿ ನಿದ್ದೆ ಬರುತ್ತಿತ್ತು. ಆಗಲಿಕ್ಕಿಲ್ಲ ಎಂದುಬಿಟ್ಟ. ಕಲಬುರಗಿ ಮುಟ್ಟುವವರೆಗೂ ಆ ಮಾತು ಬಂಡಿಯ ಚಕ್ರದ ಹಾಗೆ ಕಿರುಗುಡುತ್ತಿತ್ತು.

ಹಿತ್ತಿಲ ಗೋಡೆಯ ಪಕ್ಕ ಕುಣಿ ತೋಡಿ ಕೆಂಪು, ಕಪ್ಪು, ಒಂದು ಚೀಲ ಎಲೆ ಬೆರೆಸಿದೆ; ಇನ್ನೊಂದು ಎಲೆಯ ಚೀಲ ಮೂಲೆಯಲ್ಲಿ ಉಳಿಯಿತು. ಉಳಿದದ್ದು ನಾಲ್ಕನೆಯ ಪರೀಕ್ಷೆ. ಬಿಳಿಯ ಹತ್ತಿಬಟ್ಟೆಯೊಂದನ್ನು ಗೇಣು ಆಳದಲ್ಲಿ ಹುಗಿದು, ನೀರುಣಿಸುತ್ತ ಎರಡು ತಿಂಗಳು ಬಿಡಬೇಕು. ಸತ್ತ ಮಣ್ಣಾದರೆ ಬಟ್ಟೆಯನ್ನು ಹಾಗೆಯೇ ಹಿಂದಿರುಗಿಸುತ್ತದೆ. ಜೀವವಿರುವ ಮಣ್ಣಾದರೆ ತಿನ್ನುತ್ತದೆ. ನನ್ನದೇ ಒಂದು ಬನಿಯನ್ ತೆಗೆದುಕೊಂಡೆ. ಅದಕ್ಕೆ ನಾಲ್ಕು ಗುಂಡಿ: ಮೂರು ಚಿಪ್ಪಿನವು, ನಾಲ್ಕನೆಯದು ನೀಲಗಂಗಮ್ಮ ತನ್ನ ಹಳೆಯ ಕುಪ್ಪಸದಿಂದ ಕಿತ್ತು ಹೊಲಿದ ನೀಲಿ ಗಾಜಿನದು. ಗುಂಡಿ ತೋಡಿ, ಗುಂಡಿಗಳ ಸಮೇತ ಮಲಗಿಸಿ, ಮಣ್ಣು ಮುಚ್ಚಿದೆ. ಮುಚ್ಚಿದ ಮೇಲೆ ನೋಡಿದರೆ, ಕೈಯಿಲ್ಲದ ಚಿಕ್ಕ ಮನುಷ್ಯನೊಬ್ಬನನ್ನು ಮಣ್ಣುಮಾಡಿದಂತಿತ್ತು.

ಸೋಮವಾರಕ್ಕೊಮ್ಮೆ ಕೆದಕಿ ನೋಡುತ್ತಿದ್ದೆ. ಮೊದಲ ಎರಡು ವಾರ ಏನಿಲ್ಲ. ಮೂರನೆಯ ವಾರ ಎಡಗಡೆ ಕಂಕುಳ ಹತ್ತಿರ ಒಂದು ತೂತು. ನಾಲ್ಕನೆಯ ವಾರ ಆ ತೂತು ಎದೆಗೆ ಬಂದಿತ್ತು. ನಾನು ಕುಣಿದಾಡಬೇಕಿತ್ತು. ಆದರೆ ಅದೇ ವಾರ ನನಗೆ ಎಡಗಡೆ ಕಂಕುಳಲ್ಲಿ ತುರಿಕೆ ಶುರುವಾಗಿತ್ತು. ಐದನೆಯ ವಾರ ತುರಿಕೆ ಎದೆಗೆ ಬಂತು. ಕೆಂಪು ಕೆಂಪು ದದ್ದು, ಸರಿಯಾಗಿ ಬನಿಯನ್ನಿನ ಆಕಾರದಲ್ಲಿ. ತೋಳಿಗಿಲ್ಲ, ಕುತ್ತಿಗೆಗಿಲ್ಲ. ಕನ್ನಡಿಯ ಮುಂದೆ ಅಂಗಿ ಬಿಚ್ಚಿದರೆ ಬನಿಯನ್ ತೊಟ್ಟುಕೊಂಡೇ ಇದ್ದೇನೆ ಅನ್ನಿಸುತ್ತಿತ್ತು. ಓಣಿಯ ಕೋಳಿಗಳು ಹಿತ್ತಿಲೆಲ್ಲ ಕೆದರಿ, ಆ ಕುಣಿಯ ಹತ್ತಿರ ಬಂದಾಗ ಮಾತ್ರ ಕಾಲೆತ್ತಿ ನಿಂತು, ಯೋಚಿಸಿ, ಸುತ್ತು ಹಾಕಿ ಹೋಗುತ್ತಿದ್ದವು. ಕೋಳಿಗೆ ಕಾನ್ವೆಂಟಿನ ವಿದ್ಯೆ ಇರುವುದಿಲ್ಲ, ಬಿಡಿ. ಆದರೂ ಆರನೆಯ ವಾರ ನಾನು ಕೆದಕುವುದನ್ನು ನಿಲ್ಲಿಸಿದೆ. ಸಮಯ ಸಿಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ಬೆಳಿಗ್ಗೆ ನೀಲಗಂಗಮ್ಮ ನನ್ನನ್ನು ಪಡಸಾಲೆಯಲ್ಲಿ ಕೂಡಿಸಿ, ಎದುರಿಗೆ ಒಂದು ಮೊರ ಇಟ್ಟಳು. ಮೊರದಲ್ಲಿ ಹಿಂಡಿ ಒಣಗಿದ ಹನ್ನೊಂದು ಲಿಂಬೆ ಹೋಳು. ಅರ್ಧ ಹಳದಿ, ಅರ್ಧ ರಕ್ತಗೆಂಪಾದ ಕಾಗದಗಳು. ಕಪ್ಪು ನೀರಿನ ಬಾಟಲಿ.

"ಭೀಮಬಾಯಿಗಿ ಸೌದಿ ಹಿಂದ ಸಿಕ್ಕಾವ," ಎಂದಳು. ದನಿ ಇಳಿದಿತ್ತು. "ನಿಮ್ಮ ಬನಿಯನ್ ಆರು ಇದ್ದವು. ಎಣಿಸೀನಿ, ಐದೇ ಅದಾವ. ನಿಮ್ಮ ಮೈ ನೋಡ್ಕೋರಿ. ಯಾರೋ ನಿಮಗಿ ಮಾಡ್ಸ್ಯಾರ."

"ಆ ಬಾಟಲಿ ನನ್ನೇ ನೋಡ್ಲಾಕತ್ತಿತ್ರಿ ಅಣ್ಣೋರೆ," ಎಂದಳು ಭೀಮಬಾಯಿ ಬಾಗಿಲ ಹಿಂದಿನಿಂದ.

ಇಲ್ಲಿ ನಾನು ನಕ್ಕು ಎಲ್ಲವನ್ನೂ ಹೇಳಿಬಿಡಬೇಕಿತ್ತು. ಆದರೆ ಬಾಗಿಲ ಹಿಂದೆ ಭೀಮಬಾಯಿಯ ಕಿವಿ, ಆ ಕಿವಿಯ ಹಿಂದೆ ಅವಳ ತಂಗಿ, ತಂಗಿಯ ಹಿಂದೆ ಖಮರುದ್ದೀನ್, ಅವನ ತಲೆಯ ಮೇಲೆ ಜರಿಯ ರುಮಾಲು. ಹೇಳಿದರೆ ಸಂಜೆಯೊಳಗೆ ಅವನ ಹಿತ್ತಿಲಲ್ಲೂ ಒಂದು ಬನಿಯನ್ ಮಣ್ಣು ಸೇರುತ್ತದೆ. ಅದಕ್ಕೇ ಗಂಭೀರವಾಗಿ, "ಏನೋ, ಇರಬಹುದು," ಎಂದೆ.

ಈ ಎರಡು ಪದಗಳಿಗಾಗಿ ನನ್ನ ನಾಲಿಗೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಯಾರು ಮಾಡಿಸಿದರು ಎಂಬ ಪ್ರಶ್ನೆಗೆ ಓಣಿಯಲ್ಲಿ ಉತ್ತರ ಸಿದ್ಧವಾಗಿಯೇ ಇತ್ತು. ನಮ್ಮ ಹಿತ್ತಿಲ ಗೋಡೆಯ ಆಚೆ ಅಂಬಮ್ಮ ಇದ್ದಾಳೆ. ಗಂಡ ಇಲ್ಲ, ಮಕ್ಕಳಿಲ್ಲ, ಬಾಯಲ್ಲಿ ಎರಡು ಹಲ್ಲು. ಒಂದು ತಿಪ್ಪೆ, ನಾಲ್ಕು ತರಕಾರಿ ಬಳ್ಳಿ, ಇಷ್ಟೇ ಅವಳ ಆಸ್ತಿ. ಹಿಂದಿನ ವಾರ ಅವಳು ಗೋಡೆಯ ಮೇಲಿಂದ ನನ್ನ ಕೈಗೆ ಗಂಟು ಕಟ್ಟಿದ ಬಟ್ಟೆಯೊಂದನ್ನು ಕೊಟ್ಟದ್ದನ್ನು ಭೀಮಬಾಯಿ ಕಂಡಿದ್ದಳು. ಅದರಲ್ಲಿದ್ದದ್ದು ಕುಂಬಳದ ಬೀಜ, ನಾನೇ ಬೇಡಿದ್ದು. ಇದನ್ನೂ ನಾನು ಹೇಳಲಿಲ್ಲ. ಎರಡು ವರ್ಷದ ಹಿಂದೆ ಇನ್ನೊಂದು ಓಣಿಯಲ್ಲಿ ಹೀಗೆ ಹೆಸರು ಬಂದ ಮುದುಕಿಯ ಮುಂಬಲ್ಲುಗಳನ್ನು ಕಿತ್ತಿದ್ದರು. ಹಲ್ಲಿಲ್ಲದಿದ್ದರೆ ಮಂತ್ರಕ್ಕೆ ನಾಲಿಗೆ ತಿರುಗುವುದಿಲ್ಲವಂತೆ.

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ನಾನು ಕಚೇರಿಯಿಂದ ಬರುವಾಗ ಹಿತ್ತಿಲು ತುಂಬ ಜನ. ನಡುವೆ ಕಮಲಾಪುರದ ದೇವೀಂದ್ರಪ್ಪ, ಕೈಯಲ್ಲಿ ಇಕ್ಕಳ. ಅವನನ್ನು ಕರೆಸಿದವಳು ನೀಲಗಂಗಮ್ಮ. ಅವನೆದುರು ನೆಲದ ಮೇಲೆ ಅಂಬಮ್ಮ, ಎಲೆ ಅಡಿಕೆ ಅಗಿಯುತ್ತ. ನನ್ನ ಹಿಂದೆಯೇ ಖಮರುದ್ದೀನನೂ ಬಂದ, ಕ್ಷೇಮ ವಿಚಾರಿಸಲು.

"ಒಪ್ಕೋ ಮುದುಕಿ," ಎಂದಿತು ಗುಂಪು.

"ಏನ್ ಒಪ್ಕೊಳ್ಲಿ? ನನ್ನ ಬಾಯಾಗ ಇರೋದೇ ಎರಡು," ಎಂದಳು ಅಂಬಮ್ಮ. ದನಿ ಗಟ್ಟಿಯಾಗಿತ್ತು. "ಅವೂ ಅಡಿಕಿಗಿ ಬೇಕಾಗ್ಯಾವ." ಹೇಳಿ ನನ್ನ ಕಡೆ ನೋಡಿದಳು. ನೋಡಿದಳು ಅಷ್ಟೇ.

ಬಂಡಿಯ ಮೆರವಣಿಗೆ, ಜರಿಯ ರುಮಾಲು ಎಲ್ಲ ಆ ನೋಟದಲ್ಲಿ ಕುಸಿದವು. "ಅಕಿನ್ನ ಬಿಡ್ರಿ," ಎಂದೆ. "ಬನಿಯನ್ ಹುಗಿದಾಂವ ನಾನೇ."

ಖಮರುದ್ದೀನ್ ಹತ್ತಿರ ಬಂದು ನನ್ನ ಹಣೆ ಮುಟ್ಟಿದ. "ಮಲ್ಲಣ್ಣ ಸಾಬ್, ತಬಿಯತ್ ಖರಾಬ್ ಅದ ನಿಮ್ದು. ಸುಮ್ನ ಕುಂದರ್ರಿ."

"ನೋಡ್ರಿ, ಮುದುಕಿ ಅವ್ರ ಬಾಯಿಂದ ಮಾತಾಡ್ಸ್ಲಾಕತ್ತಾಳ," ಎಂದಳು ಭೀಮಬಾಯಿ.

"ತಡೀರಿ, ತೆಗದು ತೋರಸ್ತೀನಿ," ಎಂದು ಕುಣಿಗೆ ಇಳಿದೆ. ಗೇಣು ಅಗೆದೆ. ಬನಿಯನ್ ಇಲ್ಲ. ಎರಡು ಗೇಣು ಅಗೆದೆ. ಒಂದು ಎಳೆ ದಾರವೂ ಇಲ್ಲ. ಮಣ್ಣು ಮೆತ್ತಗೆ, ಬೆಚ್ಚಗೆ, ಪುಡಿಪುಡಿಯಾಗಿ ಬೆರಳ ಸಂದಿಯಿಂದ ಇಳಿಯಿತು. ಕೊನೆಗೆ ಸಿಕ್ಕಿದ್ದು ಮೂರು ಚಿಪ್ಪಿನ ಗುಂಡಿ. ನೀಲಿಯದು ಎಷ್ಟು ಹುಡುಕಿದರೂ ಸಿಗಲಿಲ್ಲ.

"ಬನಿಯನ್ ಎಲ್ಲಿ ಅದ?" ಎಂದಳು ನೀಲಗಂಗಮ್ಮ.

"ಮಣ್ಣು ತಿಂದದ," ಎಂದೆ.

ಎಂಥ ಮಣ್ಣು! ಸಿಸ್ಟರ್ ಅಗಾಥಾ ಕೂಡ ಕಂಡಿರದ ಮಣ್ಣು! ಆ ಗಳಿಗೆಯಲ್ಲಿ ಎಲ್ಲ ಮರೆತು ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಕುಣಿಯಲ್ಲಿ ಮೊಣಕಾಲಿನವರೆಗೆ ನಿಂತು, ಅಂಗೈಯಲ್ಲಿ ಮೂರು ಗುಂಡಿ ಹಿಡಿದು, ಒಬ್ಬನೇ ನಗುತ್ತಿರುವ ಮನುಷ್ಯ ನೋಡುವವರಿಗೆ ಹೇಗೆ ಕಾಣುತ್ತಾನೆ ಎಂಬುದು ನನಗೆ ಆಮೇಲೆ ಹೊಳೆಯಿತು. ಮುಂದಿನ ಸಾಲಿನವರು ಹಿಂದಿನ ಸಾಲಿನವರಾಗಿದ್ದರು.

ಆದರೂ ಅಂಬಮ್ಮನ ಮೇಲಿನ ಅನುಮಾನ ಪೂರ್ತಿ ಹೋಗಿರಲಿಲ್ಲ; ಇಕ್ಕಳ ಇನ್ನೂ ದೇವೀಂದ್ರಪ್ಪನ ಕೈಯಲ್ಲೇ ಇತ್ತು. ಹಾಗಾದರೆ ಉಳಿದ ಪರೀಕ್ಷೆಗಳನ್ನೂ ಎಲ್ಲರ ಕಣ್ಣೆದುರೇ ಮಾಡಿ ತೋರಿಸೋಣ, ಇದೆಲ್ಲ ಶಾಲೆಯ ಪಾಠವೆಂದು ಗೊತ್ತಾಗಲಿ ಎಂದುಕೊಂಡೆ. ಲಿಂಬೆಹಣ್ಣು ತರಿಸಿ ಮಣ್ಣಿನ ಮೇಲೆ ಹಿಂಡಿದೆ. ಆ ದಿನ ಮಣ್ಣು ಹಿಂದೆಂದೂ ಇಲ್ಲದಷ್ಟು ಉದ್ದಕ್ಕೆ 'ಸುಸ್ಸ್' ಎಂದಿತು. ಹಳದಿ ಕಾಗದ ಒತ್ತಿದೆ. ಕೈ ತೆಗೆಯುವುದರೊಳಗೆ ಕೆಂಪು. ಅದರ ಅರ್ಥವನ್ನು ಸಿಸ್ಟರ್ ಅಗಾಥಾ ಕಲಿಸಿದ ಇಂಗ್ಲಿಷಿನಲ್ಲೇ, ಅವಳು ಹೇಳುತ್ತಿದ್ದ ರಾಗದಲ್ಲೇ, ಕಣ್ಣುಮುಚ್ಚಿ ಒಪ್ಪಿಸಿದೆ.

ಕಣ್ಣು ತೆರೆದಾಗ ಹಿತ್ತಿಲಲ್ಲಿ ಐದೇ ಜನ ಇದ್ದರು. ಖಮರುದ್ದೀನನ ಒಂದು ಕಾಲು ಆಗಲೇ ಹೊಸ್ತಿಲ ಆಚೆ ಇತ್ತು. ಒಂದು ಗಳಿಗೆಯಲ್ಲಿ ಅವನ ರುಮಾಲೂ ಕಾಣದಾಯಿತು.

ದೇವೀಂದ್ರಪ್ಪ ಇಕ್ಕಳವನ್ನು ಚೀಲಕ್ಕೆ ಹಾಕಿ ನನಗೆ ಕೈಮುಗಿದ. "ಆ ಮೂಲಿ ಮಣ್ಣು ಹಟ ಮಾಡಿ ಒಯ್ದಾಗೇ ತಿಳಕೋಬೇಕಿತ್ತು. ನಲವತ್ತು ವರ್ಷ ಆಯ್ತು ಈ ಕೆಲಸ ಮಾಡ್ಲಾಕತ್ತು. ತನ್ನ ಮ್ಯಾಲ ತಾನೇ ಮಾಡ್ಕೊಂಡು ರೂಢಿ ಮಾಡೋ ದೊಡ್ಡ ಮನಷ್ಯಾನ್ನ ಇವತ್ತೇ ನೋಡ್ದೆ. ನಂದೇನರ ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋರಿ."

ಅವನೂ ಹೋದ. ಅವನ ಹಿಂದೆ ಭೀಮಬಾಯಿ ಓಡಿದಳು.

ಅಂಬಮ್ಮ ಎದ್ದು, ಸೀರೆ ಕೊಡವಿಕೊಂಡು, ಮೂಲೆಯಲ್ಲಿ ಉಳಿದಿದ್ದ ಎಲೆಯ ಚೀಲದೊಳಕ್ಕೆ ಕೋಲು ಹಾಕಿದಳು. ಕೋಲಿನ ತುದಿಯಲ್ಲಿ ನವಿರು ರೋಮದ ಒಣ ಕಾಯೊಂದು ಎದ್ದು ಬಂತು. "ನಸಗುನ್ನಿ ಕಾಯಿ. ಮುಟ್ಟಿದ್ರ ಕೆರೀತದ. ಈ ಚೀಲದ ಮ್ಯಾಲೇ ಅಲ್ಲೇನ್ ನಿನ್ನ ಬನಿಯನ್ ಒಣ ಹಾಕೋದು? ಹೋಗು, ಶಗಣಿ ಹಚ್ಕೋ," ಎಂದಳು.

ಓಣಿ ಕೇಳಬೇಕಾದ ಮಾತು ಇದೊಂದೇ. ಕೇಳಲು ಓಣಿ ಇರಲಿಲ್ಲ. ಶಗಣಿ ಹಚ್ಚಿಕೊಂಡೆ. ಅದನ್ನು ನೋಡಲು ಮಾತ್ರ ಕಿಟಕಿಗಳಲ್ಲಿ ಕೆಲವರು ಇದ್ದರು.

ಆಮೇಲಿನ ನನ್ನ ಬಾಳು ಬೇರೆಯೇ ಆಯಿತು. ಕಚೇರಿಯ ಚಪರಾಸಿ ಕಾಗದಗಳನ್ನು ದೂರದಿಂದ ಮೇಜಿನ ಮೇಲೆ ಜಾರಿಸತೊಡಗಿದ. ಹಾಲಿನವಳು ಹಾಲಿಗೆ ನೀರು ಬೆರೆಸುವುದನ್ನು ಬಿಟ್ಟಳು. ಖಮರುದ್ದೀನ್ ತನ್ನ ಮೇಜನ್ನು ಕಿಟಕಿಯ ಹತ್ತಿರ ಒಯ್ದ; ಗಾಳಿಗಾಗಿ ಎಂದ. ನಾನು ಎದುರಾದರೆ ತಾಯಂದಿರು ಕೂಸುಗಳ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಇದನ್ನು ತಾಳಲಾರದೆ, ಒಂದು ದಿನ ಪಂಚರನ್ನು ಕೂಡಿಸಿ ನಸಗುನ್ನಿಯ ಸಂಗತಿ ಹೇಳಿಬಿಡುತ್ತೇನೆ ಎಂದು ಹೊರಟೆ. ಗೋಡೆಯ ಮೇಲಿಂದ ಅಂಬಮ್ಮ ಕರೆದಳು.

"ತಮ್ಮಾ ಮಲ್ಲಣ್ಣ, ಒಂದ್ ಮಾತು. ಇಪ್ಪತ್ತು ವರ್ಷ ಆಯ್ತು, ಈ ಓಣ್ಯಾಗ ಯಾರ ಕೂಸಿಗಿ ಜ್ವರ ಬಂದ್ರೂ ನನ್ನ ಬಾಗಿಲಾ ಕಡಿ ನೋಡ್ತಿದ್ರು. ಈಗ ನಿನ್ನ ಬಾಗಿಲಾ ಕಡಿ ನೋಡ್ತಾರ. ನೀ ಗಂಡಸು, ಸರಕಾರಿ ಮನಷ್ಯಾ. ನಿನ್ನ ಹಲ್ಲಿಗಿ ಯಾರೂ ಕೈ ಹಚ್ಚಂಗಿಲ್ಲ. ಈ ಹೆಸರು ಒಂದೀಟು ದಿನ ನೀನೇ ಇಟ್ಕೋ."

ಇಟ್ಟುಕೊಂಡೆ. ಮನೆಗೆ ತಿರುಗಿ ಬಂದು ಅವಳು ಕೊಟ್ಟ ಬೀಜವನ್ನು ಆ ಕುಣಿಯಲ್ಲಿ ಊರಿದೆ.

ಬಳ್ಳಿ ಬಂತು. ಎಲೆಗಳು ಕೊಡೆಯಷ್ಟು. ರಾತ್ರಿ ಮಲಗುವಾಗ ಇಲ್ಲಿದ್ದ ಕುಡಿ ಬೆಳಿಗ್ಗೆ ಅಲ್ಲಿರುತ್ತಿತ್ತು. ಗೋಡೆ ಏರಿತು, ಗೋಡೆಯ ಆಚೆಗೂ ಇಳಿಯಿತು. ನನ್ನ ಕಡೆ ಮಾತ್ರ ಒಂದೇ ಕಾಯಿ, ತೆಂಗಿನಕಾಯಿಯಷ್ಟು. ಅದನ್ನೇ ನುಮಾಯಿಶಿಗೆ ಒಯ್ದೆ. ಆ ವರ್ಷ ಖಮರುದ್ದೀನ್ ಕುಂಬಳ ತರಲಿಲ್ಲ. ನನ್ನದರ ಪಕ್ಕ ಇಡುವ ಧೈರ್ಯ ಇನ್ನಾರಿಗೂ ಆಗಲಿಲ್ಲ. ಅಷ್ಟಗಲದ ಮೇಜಿನ ಮೇಲೆ ಅದೊಂದೇ ಕೂತಿತ್ತು. ಇನಾಮು ಕೊಡುವ ಸಾಹೇಬರು ಕಾಯಿಯನ್ನು ನೋಡಿದರು, ಕಿವಿಯಲ್ಲಿ ಯಾರೋ ಏನೋ ಹೇಳಿದ್ದನ್ನು ಕೇಳಿದರು, ಜರಿಯ ರುಮಾಲನ್ನು ಕೋಲಿನ ತುದಿಯಿಂದ ನನ್ನ ಕಡೆ ಚಾಚಿದರು. ಮೊದಲ ಇನಾಮು.

ಮರುದಿನ ಅಂಬಮ್ಮ ನನ್ನನ್ನು ತನ್ನ ಕಡೆಗೆ ಕರೆದು, ತಿಪ್ಪೆಯ ಮೇಲಿನ ಎಲೆಗಳನ್ನು ಸರಿಸಿದಳು. ಮಲಗಿದ ಎಮ್ಮೆಯ ಹಾಗೆ ಅಲ್ಲೊಂದು ಕುಂಬಳಕಾಯಿ. ಇಬ್ಬರು ಆಳು ಸೇರಿದರೂ ಎತ್ತಲಾರದಂಥದ್ದು.

"ಬಳ್ಳಿ ನಿಂದೇ. ಕಾಯಿ ನನ್ನ ಕಡಿ ಬಿಟ್ಟದ."

"ನುಮಾಯಿಶಿಗಿ ಮೊದಲ ಯಾಕ ಹೇಳ್ಲಿಲ್ಲವ್ವಾ?"

"ಹೇಳಿದ್ರ ಒಯ್ತಿದ್ದಿ. ಎಲ್ರೂ ನಿನಗ ಶಾಣ್ಯಾ ಅಂತಿದ್ರು. ಮಾಟಗಾರ ಅನ್ನೋದು ಬಿಡ್ತಿದ್ರು." ಎರಡು ಹಲ್ಲೂ ಕಾಣುವಂತೆ ನಕ್ಕಳು. "ನಿಮ್ಮ ಪಾಲು ಕೊಯ್ದು ಕಳಸ್ತೀನಿ, ಪಲ್ಯಾ ಮಾಡ್ರಿ."

ಬುಟ್ಟಿಯ ತುಂಬ ಹೋಳು ಬಂತು. ನೀಲಗಂಗಮ್ಮ ಈಳಿಗೆಯ ಮುಂದೆ ಕೂತು ಹೆಚ್ಚತೊಡಗಿದಳು. ನಾನು ರುಮಾಲು ಸುತ್ತಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದೆ. ಈಳಿಗೆ 'ಟಕ್' ಎಂದು ನಿಂತಿತು. ಅವಳು ಬೀಜ ತಿರುಳುಗಳ ನಡುವೆ ಬೆರಳು ಹಾಕಿ ಏನನ್ನೋ ತೆಗೆದು, ಸೆರಗಿನಲ್ಲಿ ಒರೆಸಿ, ನನ್ನ ಅಂಗೈಯಲ್ಲಿ ಇಟ್ಟಳು. ನೀಲಿ ಗಾಜಿನ ಗುಂಡಿ. ಬೆಚ್ಚಗಿತ್ತು.

"ನೀವು ಇಂಗ್ರೇಜಿ ಕಲ್ತವರು," ಎಂದಳು. "ಇದು ಎಷ್ಟನೇ ಪರೀಕ್ಷಾ ರೀ?"

ಅದು ಕುಂಬಳದೊಳಗೇ ಇತ್ತೋ, ಮುಂಗಾರಿನ ಆ ದಿನದಿಂದ ಅವಳ ಸೆರಗಿನ ಗಂಟಿನಲ್ಲಿತ್ತೋ ಎಂದು ತಿಳಿಯಲು ಅವಳ ಮುಖ ನೋಡಿದೆ. ಅದರಲ್ಲಿ ನಗು ಇರಲಿಲ್ಲ, ನಗು ಇಲ್ಲವೆಂದೂ ಹೇಳುವಂತಿರಲಿಲ್ಲ.

ಪಲ್ಯ ಬಹಳ ರುಚಿಯಾಗಿತ್ತಂತೆ. ಇಂಗ್ರೇಜಿ ಕಲಿತವನು ಆ ದಿನ ಬರೀ ಮಜ್ಜಿಗೆ ಅನ್ನ ಉಂಡು ಎದ್ದ.